ನಾಲ್ಕು ಮನೆಯ ಡೈಗಳು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ. ವಿಸ್ಕಾನ್ಸಿನ್ನಿನ ಮಾರ್ಗನ್ ಬ್ಲಫ್ ಎಂಬ ಊರಿನಲ್ಲಿ ಅಂಥವನೊಬ್ಬ ಬಂದೂಕು ಕ್ಲಬ್ಬಿನ ಅಧ್ಯಕ್ಷನೇ ಆಗಿ ಕೂತಿದ್ದ. ಹೆಸರು ವೆಂಡೆಲ್ ಶ್ಲುಟರ್. ಸೆಪ್ಟೆಂಬರಿನ ಒಂದು ಸೋಮವಾರ ಬೆಳಗ್ಗೆ ಅವನು ಕ್ಲಬ್ಬಿನ ಬಾಗಿಲ ಪಕ್ಕದ ಹಲಗೆಗೆ ಒಂದು ಕಾಗದ ಚುಚ್ಚಿ ಹೋದ. ಸಂಜೆ ಕಾರ್ಖಾನೆ ಕೆಲಸ ಮುಗಿಸಿ ಬಂದ ಥೋರಾ ಟ್ವೀಟನ್ ಅದನ್ನು ನಿಂತು ಓದಿದಳು. ಒಂದು ಸಲ ಓದಿ ನಂಬಿಕೆಯಾಗದೆ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದಳು.

"ಥೋರಾ ಟ್ವೀಟನ್ ತುಂಬಿದ ತೋಟೆಯಿಂದ ಶನಿವಾರದ ಪಂದ್ಯದಲ್ಲಿ ಪಿಸ್ತೂಲು ಒಡೆದು ಸದಸ್ಯರೊಬ್ಬರ ಕೈಗೆ ಗಾಯವಾಗಿದೆ. ಬೇರೆ ಬೇರೆ ಕಂಪನಿಯ ಡೈಗಳನ್ನು ಒಂದೇ ಪ್ರೆಸ್ಸಿನಲ್ಲಿ ಬೆರೆಸಿದ್ದೇ ಕಾರಣ. ಮುಂದಿನ ವಾರದ ಮಂಗಳವಾರದ ಸಭೆಯವರೆಗೆ ಆಕೆ ಪಂದ್ಯಕ್ಕೆ ಇಳಿಯುವಂತಿಲ್ಲ. ಚಳಿಗಾಲದ ತರಗತಿಯನ್ನು ಆಕೆಯ ಕೈಯಲ್ಲಿ ಬಿಡಬೇಕೇ ಎಂಬುದು ಅಂದೇ ಮತಕ್ಕೆ."

ಸದಸ್ಯರೊಬ್ಬರಂತೆ. ಆ ಸದಸ್ಯ ಅವಳ ಒಡಹುಟ್ಟಿದ ತಮ್ಮ ಒರಿನ್. ಶನಿವಾರ ಅವನ ಕೈಯಿಂದ ಸುರಿದ ರಕ್ತಕ್ಕೆ ತನ್ನ ಅಂಗಿಯ ತೋಳನ್ನೇ ಹರಿದು ಕಟ್ಟಿದವಳು ಅವಳು. ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಹಾಕುವಾಗ ಪಕ್ಕದಲ್ಲಿ ಕೂತವಳೂ ಅವಳೇ. ಆ ಎರಡು ದಿನ ಅವಳು ನಿದ್ದೆ ಮಾಡಿರಲಿಲ್ಲ, ಯಾಕೆಂದರೆ ತೋಟೆ ತನ್ನದೇ ಎಂದು ಅವಳೂ ನಂಬಿದ್ದಳು. ಎಲ್ಲಿ ತಪ್ಪಿದೆ ಎಂದು ತಲೆ ಕೆರೆದುಕೊಳ್ಳುತ್ತಿದ್ದವಳಿಗೆ, ಯಾವನೂ ಒಂದು ಮಾತು ಕೇಳದೆ, ಒಂದು ತೋಟೆ ಬಿಚ್ಚಿ ನೋಡದೆ, ಕಾರಣವನ್ನೂ ತೀರ್ಪನ್ನೂ ಒಟ್ಟಿಗೆ ಬರೆದು ಗೋಡೆಗೆ ಚುಚ್ಚಿದ್ದು ಕಂಡು ಮೈ ಉರಿದುಹೋಯಿತು.

ಈ ಕೆಲಸ ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ವೆಂಡೆಲನ ಮಾತೇ ಸರಿ ಅನ್ನಿಸೀತು. ಅಲ್ಲಿನವರು ಹೊಡೆದ ತೋಟೆಯ ಹಿತ್ತಾಳೆ ಚಿಪ್ಪನ್ನು ಎಸೆಯುವುದಿಲ್ಲ. ಆಯ್ದು ತಂದು, ತೊಳೆದು, ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ತುಂಬುತ್ತಾರೆ. ಅದಕ್ಕೊಂದು ಪ್ರೆಸ್ಸು. ತಟ್ಟೆಯೊಂದು ಸುತ್ತುತ್ತದೆ, ಮೇಲೆ ಸಾಲಾಗಿ ನಾಲ್ಕು ಡೈ, ಅಂದರೆ ಉಕ್ಕಿನ ಅಚ್ಚುಗಳು. ಹಿಡಿ ಒಂದು ಸಲ ಎಳೆದರೆ ನಾಲ್ಕೂ ಕಡೆ ನಾಲ್ಕು ಕೆಲಸ ಒಮ್ಮೆಗೇ ಆಗಿ ಒಂದು ತುಂಬಿದ ತೋಟೆ ಬುಟ್ಟಿಗೆ ಬೀಳುತ್ತದೆ. ಮೊದಲನೆಯ ಡೈ ಹಿಗ್ಗಿದ ಚಿಪ್ಪನ್ನು ಹಿಸುಕಿ ಅಳತೆಗೆ ತರುತ್ತದೆ. ಎರಡನೆಯದು ಬಾಯಿ ಅರಳಿಸಿ ಮದ್ದು ಸುರಿಯುತ್ತದೆ. ಮೂರನೆಯದು ಗುಂಡು ಕೂರಿಸುತ್ತದೆ. ನಾಲ್ಕನೆಯದು ಅರಳಿದ ಬಾಯನ್ನು ಮುಚ್ಚುತ್ತದೆ.

ಥೋರಾಳ ಪ್ರೆಸ್ಸಿನಲ್ಲಿ ಈ ನಾಲ್ಕೂ ನಾಲ್ಕು ಮನೆಯವು. ಹಿಸುಕುವುದು ಕಂದು ಡಬ್ಬಿಯ ಕಂಪನಿಯದು, ಅದು ಬಿಗಿಯಾಗಿ ಹಿಸುಕುತ್ತದೆ ಎಂದು. ಮದ್ದು ಸುರಿಯುವುದು ಪ್ರೆಸ್ಸಿನ ಜೊತೆಗೇ ಬಂದದ್ದು. ಗುಂಡು ಕೂರಿಸುವುದು ಬೂದು ಡಬ್ಬಿಯದು, ಗುಂಡನ್ನು ನೆಟ್ಟಗೆ ಹಿಡಿಯುತ್ತದೆ ಎಂದು. ಬಾಯಿ ಮುಚ್ಚುವುದು ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ, ಹೆಸರೇ ಇಲ್ಲದ ಡೈ. ಅದರ ಸವೆದ ತಿರುಪಿನ ಗೀರುಗಳನ್ನು ಅವಳೇ ಮತ್ತೆ ಕಡಿದಿದ್ದಳು. ವಾಲ್ವ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಳತೆ ಪರೀಕ್ಷೆ ಮಾಡಿದವಳು. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಅವಳ ಕೈಗೆ ತಿಳಿಯುತ್ತಿತ್ತು. ಹನ್ನೊಂದು ಚಳಿಗಾಲ ಆ ಕ್ಲಬ್ಬಿನ ಹೊಸಬರಿಗೆಲ್ಲ ತೋಟೆ ತುಂಬುವುದನ್ನು ಕಲಿಸಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಆ ತರಗತಿಯೇ ಅವಳ ಹೆಸರು, ಆ ತರಗತಿಯೇ ಅವಳ ಮರ್ಯಾದೆ.

ಆದರೆ ಆ ಊರಿನಲ್ಲಿ ಡೈ ಡಬ್ಬಿಯ ಬಣ್ಣ ಎಂದರೆ ಜಾತಿ ಇದ್ದ ಹಾಗೆ. ಅಪ್ಪ ಬೂದು ಆದರೆ ಮಗನೂ ಬೂದು. ಕಂದಿನವನು ಬೂದಿನವನ ಪಕ್ಕ ಕೂತು ಬಿಯರ್ ಕುಡಿದಾನು, ಅವನ ಡೈಯನ್ನು ತನ್ನ ಪ್ರೆಸ್ಸಿಗೆ ಮುಟ್ಟಿಸಲಾರ. ವೆಂಡೆಲ್ ಹಳದಿ. ಹಳದಿ ಎಂದರೆ ಬರೀ ಹಳದಿಯಲ್ಲ, ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದನ್ನೇ ಮಾರುವ ಹಳದಿ. ಥೋರಾಳ ಪ್ರೆಸ್ಸನ್ನು ನೋಡಿದಾಗಲೆಲ್ಲ ಅವನು ಒಂದು ಕೊಂಕು ಮಾತಾಡದೆ ಬಿಡುತ್ತಿರಲಿಲ್ಲ.

"ನಾಲ್ಕು ಮನೆ ಸೊಸೇರನ್ನ ಒಂದೇ ಅಡುಗೆಮನೇಲಿ ಬಿಟ್ಟಿದೀಯಲ್ಲ, ಥೋರಾ," ಎಂದು ಹಿಂದೊಮ್ಮೆ ಎಲ್ಲರೆದುರು ನಕ್ಕಿದ್ದ. "ಒಂದಿನ ಬೆಂಕಿ ಹತ್ಕೊಳ್ಳುತ್ತೆ ನೋಡ್ತಿರು."

"ನಿನ್ನ ಹೆಂಡ್ತಿ ಚಾಕು, ಬಾಣಲೆ, ಒಲೆ, ಎಲ್ಲಾ ಒಂದೇ ಕಂಪನಿದಾ?" ಎಂದು ಅವಳೂ ಕೇಳಿದ್ದಳು. "ಅಲ್ಲ ತಾನೆ? ಆದ್ರೂ ಅವಳ ಕೈ ಅಡುಗೆ ತಿಂದು ಹೊಟ್ಟೆ ಬಿಟ್ಕೊಂಡಿದೀಯಲ್ಲ."

ಆಗ ನಕ್ಕವರೆಲ್ಲ ಈಗ ಹಲಗೆಯ ಮುಂದೆ ನಿಂತು ತಲೆಯಾಡಿಸುತ್ತಿದ್ದರು. ಬೆಂಕಿ ಹತ್ತಿಕೊಂಡಿತಲ್ಲ ಕೊನೆಗೂ.

ಸೋಮವಾರವೂ ಮಂಗಳವಾರವೂ ಥೋರಾ ನೆಲಮಾಳಿಗೆಯ ಮೇಜಿನ ಮುಂದೆ ಕೂತು ತನ್ನ ತೋಟೆಗಳನ್ನು ತಾನೇ ಬಿಚ್ಚಿದಳು. ಒರಿನ್‌ಗೆ ತುಂಬಿಕೊಟ್ಟ ಕಂತಿನಲ್ಲಿ ತನ್ನ ಬಳಿ ಉಳಿದಿದ್ದು ನೂರು. ಒಂದೊಂದನ್ನೂ ತೂಗಿದಳು, ಅಳೆದಳು, ಗುಂಡಿನ ಮೂತಿಯನ್ನು ಮೇಜಿನ ಅಂಚಿಗೆ ಒತ್ತಿ ತನ್ನ ಭಾರವನ್ನೆಲ್ಲ ಬಿಟ್ಟಳು. ಗುಂಡು ಒಳಕ್ಕೆ ಜಾರಬಾರದು. ಜಾರಿದರೆ ಒಳಗಿನ ಜಾಗ ಕಿರಿದಾಗಿ, ಮದ್ದಿನ ಒತ್ತಡ ದುಪ್ಪಟ್ಟಾಗಿ, ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ. ತರಗತಿಯ ಎರಡನೇ ದಿನದ ಪಾಠ ಅದು. ನೂರರಲ್ಲಿ ಒಂದೂ ಜಾರಲಿಲ್ಲ. ಮದ್ದು ಒಂದರಲ್ಲೂ ಹೆಚ್ಚಿರಲಿಲ್ಲ. ನೂರನೆಯದನ್ನು ಕೆಳಗಿಟ್ಟಾಗ ಅವಳ ಹೆದರಿಕೆ ಇಳಿಯಿತು, ಅದರ ಜಾಗಕ್ಕೆ ಸಿಟ್ಟು ಬಂದು ಕೂತಿತು.

ಬುಧವಾರ ಅವಳು ವೆಂಡೆಲನ ಅಂಗಡಿಗೆ ಹೋದಳು.

"ಒರಿನ್‌ನ ಡಬ್ಬೀಲಿ ಉಳಿದ ತೋಟೆ ನಿನ್ನ ಹತ್ರ ಇದೆಯಂತೆ. ನಂಗೆ ತೋರ್ಸು."

"ಅದು ಸಾಕ್ಷಿ," ಎಂದ ವೆಂಡೆಲ್, ಗಲ್ಲಾಪೆಟ್ಟಿಗೆಯ ಹಿಂದಿನಿಂದ. "ಸಭೇಲೇ ತೆಗೆಯೋದು."

"ಸಾಕ್ಷೀನಾ? ನಾನೇನು ಕೊಲೆ ಮಾಡಿದೀನಾ?"

"ಮಾಡ್ತಿದ್ದೆ. ದೇವ್ರು ದೊಡ್ಡೋನು, ಬರೀ ಕೈಗಾಯ್ತು. ನಾನು ಎಷ್ಟು ವರ್ಷದಿಂದ ಬಡ್ಕೊಂಡೆ, ಡೈ ಬೆರೆಸ್ಬೇಡ, ಬೆರೆಸ್ಬೇಡ ಅಂತ. ಹೆಂಗಸಿನ ಹಟ."

"ನೀನು ಅದರಲ್ಲಿ ಒಂದನ್ನಾದ್ರೂ ಒತ್ತಿ ನೋಡಿದ್ಯಾ, ವೆಂಡೆಲ್?"

"ನೋಡೋದೇನಿದೆ? ಡಬ್ಬಿ ಮೇಲೆ ನಿನ್ನ ಕೈಬರಹದ ಚೀಟಿ ಇದೆ."

ಅವನ ಬೆನ್ನ ಹಿಂದೆ ಮೇಜಿನ ಮೇಲೆ ಹೊಚ್ಚ ಹೊಸ ಪ್ರೆಸ್ಸು ನಿಂತಿತ್ತು, ನಾಲ್ಕೂ ಹಳದಿ ಡೈ. 'ಬನ್ನಿ, ಹಿಡಿ ಎಳೆದು ನೋಡಿ, ತುಂಬಿದ ಐವತ್ತು ನಿಮಗೇ' ಎಂಬ ಫಲಕ ಬೇರೆ. ಬೇಸಿಗೆಯಿಡೀ ಊರಿನ ಅರ್ಧ ಗಂಡಸರು ಬಂದು ಆ ಹಿಡಿ ಎಳೆದಿದ್ದರು. ಬೆಣ್ಣೆಯ ಹಾಗೆ ನಡೆಯುತ್ತದಂತೆ, ಕೈಗೆ ಭಾರವೇ ಇಲ್ಲವಂತೆ. ಥೋರಾ ಅದನ್ನು ಒಂದು ನಿಮಿಷ ನೋಡಿದಳು. ಹಿಸುಕುವ ಡೈ ಅಷ್ಟು ಸಲೀಸಾಗಿ ನಡೆದರೆ ಅದು ಹಿಸುಕುವುದಾದರೂ ಏನನ್ನು ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡು ಹೊರಬಂದಳು.

ಶುಕ್ರವಾರ ಊರಿನವರೆಲ್ಲ ಸೇತುವೆ ಪಕ್ಕದ ಹೋಟೆಲಿನಲ್ಲಿ ಹುರಿದ ಮೀನು ತಿನ್ನುವ ದಿನ. ಥೋರಾ ಎಂದಿನ ಉದ್ದ ಮೇಜಿಗೆ ಹೋಗಿ ಕೂತಳು. ಹಿಟ್ಟು ಮೆತ್ತಿದ ಮೀನು, ಆಲೂ ಪ್ಯಾನ್‌ಕೇಕು, ಎಲೆಕೋಸಿನ ಪಲ್ಯ ಎಲ್ಲ ಬಂತು, ಜನ ಬರಲಿಲ್ಲ. ಯಾರೂ ಎದ್ದು ಹೋಗಲಿಲ್ಲ, ಅಷ್ಟು ಮಟ್ಟಿಗೆ ಮರ್ಯಾದಸ್ಥರೇ. ಆದರೆ ಅವಳೇ ಕಲಿಸಿದ ಇಬ್ಬರು ಬಾಗಿಲಲ್ಲಿ ಅವಳನ್ನು ನೋಡಿ ಕೌಂಟರಿನ ಕಡೆ ತಿರುಗಿದರು. ಹನ್ನೊಂದು ವರ್ಷ ನನ್ನ ಮೇಜಿನ ಮೇಲೆ ಕಾಫಿ ಕುಡಿದ ಬಾಯಿಗಳು ಇವು ಎಂದುಕೊಂಡಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಕೊನೆಗೆ ಎದುರು ಬಂದು ಕೂತವನು ಹಾರ್ಲನ್. ಎಂಬತ್ತೊಂದು ವರ್ಷದ ಮುದುಕ, ಕ್ಲಬ್ಬಿನ ಮೊದಲ ಸದಸ್ಯರಲ್ಲಿ ಉಳಿದವನು ಅವನೊಬ್ಬನೇ. ಇನ್ನೊಬ್ಬರು ತುಂಬಿದ ತೋಟೆಯನ್ನು ಹೊಡೆಯಬಾರದು ಎಂಬುದು ಅವರೆಲ್ಲರ ನಡುವಿನ ಕಟ್ಟಳೆ, ಹಾರ್ಲನ್ ಅದಕ್ಕೆ ಕಾವಲು.

"ಐವತ್ತು ವರ್ಷದಿಂದ ಹೇಳ್ತಿದೀನಿ," ಎಂದ ಅವನು ಮೀನಿನ ಮುಳ್ಳು ತೆಗೆಯುತ್ತ. "ಕಂಡೋರ ತೋಟೆ ಹೊಡೀಬೇಡಿ. ನಾನು ನನ್ನ ಹೆಂಡ್ತಿದೇ ಹೊಡೀಲಿಲ್ಲ, ಪಾಪ, ಬೇಜಾರು ಮಾಡ್ಕೊಂಡೇ ಸತ್ಲು."

"ಒರಿನ್ ಕಂಡೋನಲ್ಲ ಹಾರ್ಲನ್. ನನ್ನ ತಮ್ಮ."

"ಅದೇ ತಪ್ಪಾಗಿದ್ದು. ನಲವತ್ತೊಂಬತ್ತು ವರ್ಷದ ಗಂಡ್ಸು, ಇನ್ನೂ ಅಕ್ಕನ ತೋಟೆ. ಹುಡುಗ್ರು ಆಡ್ಕೋತಿದ್ರು ಗೊತ್ತಾ? ಬ್ರೆಡ್ಡಿಗೆ ಬೆಣ್ಣೇನೂ ಅವಳೇ ಹಚ್ತಾಳಾ ಅಂತ ಕೇಳ್ತಿದ್ರು."

ಥೋರಾಗೆ ಗೊತ್ತಿರಲಿಲ್ಲ. ಒರಿನ್ ಒಂದು ದಿನವೂ ಹೇಳಿರಲಿಲ್ಲ. ತಾನು ಕೊಟ್ಟಾಗಲೆಲ್ಲ ಥ್ಯಾಂಕ್ಸ್ ಎಂದು ತೆಗೆದುಕೊಂಡು ಹೋಗುತ್ತಿದ್ದ. ಶನಿವಾರ ಬೆಳಗ್ಗೆ ಅವಳು ಸೂಪು ತೆಗೆದುಕೊಂಡು ಅವನ ಮನೆಗೆ ಹೋದಳು. ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡು ಅವನು ಸೋಫಾದ ಮೇಲೆ ಕೂತಿದ್ದ, ಟೀವಿ ಆಡುತ್ತಿತ್ತು, ಅವನು ನೋಡುತ್ತಿರಲಿಲ್ಲ.

"ನನ್ನ ಹತ್ರ ಉಳಿದಿದ್ದೆಲ್ಲ ಬಿಚ್ಚಿ ನೋಡ್ದೆ," ಎಂದಳು. "ಒಂದ್ರಲ್ಲೂ ಏನೂ ಇಲ್ಲ. ಆ ದಿನ ನಿಂಗೇನಾದ್ರೂ ಬೇರೆ ಥರ ಅನ್ನಿಸ್ತಾ? ಹಿಂದಿನ ಏಟು ಮೆತ್ತಗಾಗಿ ಗುಂಡು ನಳಿಗೇಲೇ ಉಳೀತಾ?"

"ನೆನಪಿಲ್ಲ ಥೋರಾ."

"ಸ್ವಲ್ಪ ಯೋಚ್ನೆ ಮಾಡೋ. ಮಂಗಳವಾರ ನನ್ನ ತರಗತಿ ಕಿತ್ಕೋತಾರೆ."

"ಬಿಟ್ಬಿಡು ಅದನ್ನ," ಎಂದ, ಅವಳ ಮುಖ ನೋಡದೆ. "ಒಂದು ವರ್ಷ ಸುಮ್ನಿದ್ರೆ ಜನ ಮರೀತಾರೆ. ಯಾರೂ ಸತ್ತಿಲ್ವಲ್ಲ."

ಅಕ್ಕನ ಮೇಲೆ ಕನಿಕರದಿಂದ ಹೇಳುತ್ತಿದ್ದಾನೆ ಎಂದುಕೊಂಡಳು ಅವಳು. ಸೂಪು ಬಿಸಿ ಮಾಡಿ, ಎಡಗೈಯಲ್ಲಿ ಕುಡಿಯಲು ಬರುವುದಿಲ್ಲವೆಂದು ಚಮಚೆಯಿಂದ ಎರಡು ಗುಟುಕು ತಾನೇ ಕುಡಿಸಿದಳು. ಅವನ ಕಣ್ಣಲ್ಲಿ ನೀರು ಬಂತು. ನೋವಿರಬೇಕು ಎಂದು ಮಾತ್ರೆಯನ್ನೂ ಕೊಟ್ಟು ಬಂದಳು.

ಮಂಗಳವಾರ ಸಂಜೆ ಆರಕ್ಕೆ ಸಭೆ. ಎಂದೂ ಹನ್ನೆರಡು ಜನ ಸೇರದ ಸಭೆಗೆ ಅವತ್ತು ನಲವತ್ತು ಕುರ್ಚಿ ಸಾಲದೆ ಹೋಯಿತು. ಕಾಫಿಯ ದೊಡ್ಡ ಪಾತ್ರೆ ಗೊರಗುಡುತ್ತಿತ್ತು, ಯಾರೋ ಕುಂಬಳಕಾಯಿ ಕೇಕು ತಂದಿದ್ದರು. ಊರವರ ಮಾನ ಕಳೆಯುವಾಗಲೂ ಕೇಕು ಮರೆಯದ ಜನ. ಒರಿನ್ ಹಿಂದಿನ ಸಾಲಿನಲ್ಲಿ ಬಾಗಿಲ ಹತ್ತಿರ ಕೂತಿದ್ದ. ಥೋರಾ ಕೈಚೀಲದಲ್ಲಿ ಅಳತೆಯ ಕ್ಯಾಲಿಪರನ್ನೂ ಗುಂಡು ಕೀಳುವ ಸುತ್ತಿಗೆಯನ್ನೂ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಳು.

ವೆಂಡೆಲ್ ಎದ್ದು ನಿಂತು ಒಡೆದ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಹಿಡಿಕೆ ಸೀಳಿತ್ತು, ಕೆಳಗಿನಿಂದ ತೋಟೆಯ ಪೆಟ್ಟಿಗೆ ಹಾರಿಹೋಗಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ನೀಲಿ ಡಬ್ಬಿ. ಅದರ ಮುಚ್ಚಳದ ಮೇಲೆ ಥೋರಾಳದೇ ಗುಂಡಗಿನ ಅಕ್ಷರದ ಚೀಟಿ. ಅವನು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ ಓದಿದ.

"ಒಂಬತ್ತು ಮಿಲಿಮೀಟರ್. ಮಾರ್ಚ್ ಹದಿನಾಲ್ಕು. ಒರಿನ್‌ಗೆ. ಥೋರಾ. ಇದಕ್ಕಿಂತ ಏನು ಬೇಕು? ಬೆರಕೆ ಪ್ರೆಸ್ಸಿನ ಫಲ ಇದು. ನನ್ನ ಸಲಹೆ ಇಷ್ಟೆ: ಇನ್ಮೇಲೆ ಈ ಕ್ಲಬ್ಬಲ್ಲಿ ಒಂದೇ ಕಂಪನಿ ಡೈಯಲ್ಲಿ ತುಂಬಿದ್ದು ಮಾತ್ರ. ತರಗತೀನ ನಾನೇ ನಡೆಸ್ತೀನಿ, ನನ್ನ ಅಂಗಡೀಲೇ."

ಆಹಾ, ಎಂದುಕೊಂಡಳು ಥೋರಾ. ಅಲ್ಲಿಗೆ ಬಂದಿತು ನೋಡು ಬಂಡಿ. ಎದ್ದು ನಿಂತಳು.

"ಡಬ್ಬಿ ತೆಗಿ."

"ಥೋರಾ, ಇದು—"

"ಎಂಟು ದಿನ ಕಾದಿದೀನಿ. ತೆಗಿ."

ಅವನು ತೆಗೆದ. ಐವತ್ತರ ಡಬ್ಬಿಯಲ್ಲಿ ಹದಿಮೂರು ತೋಟೆ ಉಳಿದಿದ್ದವು. ಥೋರಾ ಒಂದನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳನ್ನು ಚಿಪ್ಪಿನ ಉದ್ದಕ್ಕೂ ಎಳೆದಳು. ಕಂದು ಡೈ ಬಿಗಿಯಾಗಿ ಹಿಸುಕಿದ ಚಿಪ್ಪಿಗೆ ಗುಂಡಿನ ಬುಡದ ಕೆಳಗೆ ಸಣ್ಣದೊಂದು ಸೊಂಟ ಬರುತ್ತದೆ. ಬೆರಳಾಡಿಸಿದರೆ ಸಿಗುತ್ತದೆ. ಅವಳು ತುಂಬಿದ ಪ್ರತಿ ತೋಟೆಗೂ ಆ ಸೊಂಟ ಉಂಟು. ಇದಕ್ಕೆ ಇರಲಿಲ್ಲ, ಬಳಪದ ಕಡ್ಡಿಯ ಹಾಗೆ ನೆಟ್ಟಗಿತ್ತು.

"ಇದು ನಂದಲ್ಲ," ಎಂದಳು.

ಸಭೆಯಲ್ಲಿ ಗುಸುಗುಸು ಎದ್ದಿತು. "ನಂದಲ್ಲ ಅನ್ನೋದು ಸುಲಭ," ಎಂದ ವೆಂಡೆಲ್. "ಚೀಟಿ ಯಾರ್ದು ಹಾಗಾದ್ರೆ?"

"ಚೀಟಿ ನಂದೇ. ತೋಟೆ ನಂದಲ್ಲ." ಅವಳು ತನ್ನ ಚೀಲದಿಂದ ತಾನು ತುಂಬಿದ್ದೊಂದನ್ನು ತೆಗೆದು ಎರಡನ್ನೂ ಹಾರ್ಲನ್‌ನ ಕೈಗಿಟ್ಟಳು. "ನಾನು ಹೇಳಿದ್ರೆ ಹೆಂಗಸಿನ ಹಟ ಆಗುತ್ತೆ. ನೀನು ಒತ್ತಿ ನೋಡು."

ಹಾರ್ಲನ್ ನಿಧಾನವಾಗಿ ಎದ್ದು ಮೇಜಿನ ಬಳಿ ಹೋದ. ಥೋರಾಳ ತೋಟೆಯ ಮೂತಿಯನ್ನು ಮೇಜಿನ ಅಂಚಿಗಿಟ್ಟು ಎರಡೂ ಹೆಬ್ಬೆರಳಲ್ಲಿ ಒತ್ತಿದ, ಮುಖ ಕೆಂಪಾಗುವವರೆಗೆ. ಅದು ಅಲುಗಲಿಲ್ಲ. ಡಬ್ಬಿಯದನ್ನು ಇಟ್ಟು ಒಂದೇ ಹೆಬ್ಬೆರಳಲ್ಲಿ ಒತ್ತಿದ. ಗುಂಡು ಸರಕ್ಕನೆ ಒಳಕ್ಕೆ ಹೋಯಿತು. ಇನ್ನೊಂದನ್ನು ತೆಗೆದು ಒತ್ತಿದ, ಅದೂ ಹೋಯಿತು. ಅದರ ಅರ್ಥ ಗೊತ್ತಿಲ್ಲದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

"ಮೊದಲ್ನೇ ಡೈ ಸರಿಯಾಗಿ ಹಿಸುಕಿಲ್ಲ," ಎಂದ ಹಾರ್ಲನ್.

ಥೋರಾ ಒಂದು ತೋಟೆಯನ್ನು ಸುತ್ತಿಗೆಯ ತಲೆಯೊಳಗೆ ಸಿಕ್ಕಿಸಿ ನೆಲಕ್ಕೆ ಎರಡು ಏಟು ಹಾಕಿದಳು. ಗುಂಡು ಕಳಚಿ ಬಿತ್ತು. ಅದನ್ನು ಅಂಗೈಯಲ್ಲಿಟ್ಟು ಸಾಲಿನಿಂದ ಸಾಲಿಗೆ ತೋರಿಸುತ್ತ ನಡೆದಳು. ಗುಂಡಿನ ಸುತ್ತ ಉಗುರು ಕೂರುವಷ್ಟು ಆಳದ ಗೀರು ಬಿದ್ದಿತ್ತು.

"ನೋಡಿ. ಹಿಡಿತ ಸಾಲ್ದು ಅಂತ ಯಾವನೋ ನಾಲ್ಕನೇ ಡೈಯನ್ನ ಕೆಳಕ್ಕೆ ತಿರುಗಿಸಿ ಬಾಯಿ ಕಚ್ಚಿಸಿದಾನೆ. ಬಾಯಿ ಕಚ್ಚಿಸಿದ್ರೆ ಹಿಡಿತ ಬರಲ್ಲ, ಇದ್ದಿದ್ದೂ ಹೋಗುತ್ತೆ. ಹಿತ್ತಾಳೆ ಹಿಂದಕ್ಕೆ ಚಿಮ್ಮುತ್ತೆ, ಗುಂಡಿನ ಸೀಸ ಚಿಮ್ಮಲ್ಲ, ನಡುವೆ ಸಡಿಲ ಬೀಳುತ್ತೆ. ಹನ್ನೊಂದು ವರ್ಷ ಇದೇ ಕೋಣೇಲಿ ನಿಮಗೆಲ್ಲ ಇದನ್ನ ಹೇಳಿದೀನಿ. ಈ ಥರ ತುಂಬೋನು ನನ್ನ ತರಗತೀಲಿ ಕೂತೋನಲ್ಲ."

ಕ್ಲಬ್ಬಿನಲ್ಲಿ ತೋಟೆ ತುಂಬುವವರ ಪೈಕಿ ಅವಳ ತರಗತಿಯಲ್ಲಿ ಕೂರದವರು ಇಬ್ಬರೇ. ಹಾರ್ಲನ್, ಅವಳು ಹುಟ್ಟುವ ಮೊದಲೇ ಕಲಿತವನು. ಇನ್ನೊಬ್ಬ ಮೇಜಿನ ಹಿಂದೆ ನಿಂತಿದ್ದ. ಯಾರೂ ಅವನ ಹೆಸರು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ ಎಂಬ ಹಾಗೆ ಅವನೇ ಬಾಯಿಬಿಟ್ಟ.

"ನನ್ನ ಅಂಗಡಿ ಪ್ರೆಸ್ಸಿಂದು ಅಂತೀಯಾ? ಅದು ಪೂರ್ತಿ ಒಂದೇ ಸೆಟ್ಟು. ನಾಲ್ಕೂ ಹಳದಿ. ಅದರಲ್ಲಿ ಏನೂ ತಪ್ಪಿರೋಕೆ ಸಾಧ್ಯಾನೇ ಇಲ್ಲ."

"ನಾನು ನಿನ್ನ ಅಂಗಡಿ ಅಂದ್ನಾ?"

ವೆಂಡೆಲನ ಕಿವಿ ಕೆಂಪಾಯಿತು. "ಇದರಲ್ಲೇನೂ ಆಗಲ್ಲ," ಎಂದು ಮೂರು ತೋಟೆ ಬಾಚಿಕೊಂಡ. "ಯಾರಾದ್ರೂ ಪಿಸ್ತೂಲು ಕೊಡಿ. ಈಗ್ಲೇ ಆಚೆ ಹೋಗಿ ಹೊಡೆದು ತೋರಿಸ್ತೀನಿ."

ಥೋರಾ ಅವನ ಮಣಿಕಟ್ಟು ಹಿಡಿದಳು. ಗಟ್ಟಿ ಕೈ ಅವಳದು.

"ಕೆಳಗಿಡು. ನಿನ್ನ ಕೈ ಒಡೆದು ನನ್ನ ಮಾತು ಗೆಲ್ಲೋದು ಬೇಡ ನಂಗೆ. ಇದನ್ನ ನಾನು ಯಾರಿಗೂ ಹೊಡೆಯೋಕೆ ಬಿಡಲ್ಲ, ನಿಂಗೂ ಬಿಡಲ್ಲ. ನನ್ನ ನಾಲ್ಕು ಮನೆ ಡೈಗೂ ನಿನ್ನ ಒಂದೇ ಸೆಟ್ಟಿಗೂ ಇರೋ ವ್ಯತ್ಯಾಸ ಇಷ್ಟೇ, ವೆಂಡೆಲ್. ನಾನು ತುಂಬಿದ್ಮೇಲೆ ಒತ್ತಿ ನೋಡ್ತೀನಿ."

ಅವನು ಇಟ್ಟ. ಆಗ ಹಾರ್ಲನ್ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಕೇಳಿದ.

"ಹತ್ತು ದಿನ ಈ ಡಬ್ಬಿ ನಿನ್ನ ಹತ್ರ ಇತ್ತು. ಒಂದನ್ನೂ ಒತ್ತಿ ನೋಡ್ಲಿಲ್ವಾ? ನೋಡಿಲ್ಲ ಅಂದ್ರೆ ನೀನು ಅಧ್ಯಕ್ಷ ಆಗೋಕೆ ಲಾಯಕ್ಕಿಲ್ಲ. ನೋಡಿದ್ರೆ, ಅದು ಇನ್ನೂ ಕೆಟ್ಟದ್ದು. ಯಾವ್ದು ಹೇಳು."

ವೆಂಡೆಲ್ ಒಡೆದ ಪಿಸ್ತೂಲನ್ನು ಮೇಜಿನ ಮೇಲೆ ಅತ್ತಿಂದಿತ್ತ ಸರಿಸಿದ. ಥೋರಾ ಅವನ ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ. ಅವಳ ಕಣ್ಣು ಚೀಟಿಯ ಮೇಲಿನ ತಾರೀಕಿನ ಮೇಲೆ ನಿಂತಿತ್ತು. ಮಾರ್ಚ್ ಹದಿನಾಲ್ಕು. ಆ ಐವತ್ತನ್ನು ಒರಿನ್ ಏಪ್ರಿಲ್ ಪಂದ್ಯದಲ್ಲೇ ಹೊಡೆದು ಮುಗಿಸಿದ್ದ; ಚಿಪ್ಪುಗಳನ್ನು ಇಬ್ಬರೂ ಹುಲ್ಲಿನಲ್ಲಿ ಬಗ್ಗಿ ಆಯ್ದಿದ್ದರು. ಖಾಲಿ ಡಬ್ಬಿ ಅವನ ಬಳಿ ಉಳಿದಿತ್ತು. ಹೊಸದನ್ನು ತುಂಬುವ ಮೊದಲು ಹಳೇ ಚೀಟಿ ಹರಿಯಬೇಕು. ತರಗತಿಯ ಮೊದಲನೇ ದಿನದ, ಮೊದಲನೇ ಗಂಟೆಯ ಪಾಠ. ಇಷ್ಟು ಹೊತ್ತಿನ ಸಿಟ್ಟು ಒಬ್ಬ ಅಂಗಡಿಯವನ ಮೇಲಿನದು, ಅದನ್ನು ಹೊರಬಹುದಿತ್ತು. ಇದು ಹಾಗಲ್ಲ.

"ಒರಿನ್," ಎಂದಳು, ತಿರುಗದೆ. "ಈ ಡಬ್ಬಿ ತುಂಬಿದ್ದು ಯಾರು?"

ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಒರಿನ್ ಎದ್ದು ನಿಂತ, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು.

"ನಾನೇ," ಎಂದ. "ಆಗಸ್ಟಲ್ಲಿ. ವೆಂಡೆಲ್ ಅಂಗಡಿ ಪ್ರೆಸ್ಸಲ್ಲಿ. ಬುಲೆಟ್ಟು ಸಡಿಲ ಇದೆ ಅಂದೆ. ಅವನು ನಾಲ್ಕನೇ ಡೈ ಕೆಳಗೆ ತಿರುಗಿಸಿ ಈಗ ಸರಿಹೋಯ್ತು ಅಂದ. ನಾನು ನಂಬ್ದೆ. ಒಂದು ಸಲ ನಾನೇ ತುಂಬಿದ್ದು ಹೊಡೀಬೇಕು ಅನ್ನಿಸ್ತು ಥೋರಾ. ನಿಂಗೆ ಹೇಳೋಕೆ ನಾಚಿಕೆ ಆಯ್ತು. ಮನೇಲಿ ಖಾಲಿ ಡಬ್ಬಿ ಇತ್ತು, ಅದಕ್ಕೆ ಹಾಕ್ದೆ."

"ಅದು ಆಗಸ್ಟ್ ಮಾತು. ಈ ಹತ್ತು ದಿನ?"

"ವೆಂಡೆಲ್ ಆಸ್ಪತ್ರೆಗೆ ಬಂದಿದ್ದ. ಸುಮ್ನಿರು, ಹೇಗೂ ಎಲ್ರೂ ಬೆರಕೆ ಡೈ ಅಂದ್ಕೊಂಡಿದಾರೆ, ಅವಳಿಗೇನೂ ಆಗಲ್ಲ, ಮುಂದಿನ ವರ್ಷಕ್ಕೆ ಮರೀತಾರೆ ಅಂದ."

"ಅವನು ಅಂದ. ನೀನು?"

ಒರಿನ್ ತನ್ನ ಕಟ್ಟಿದ ಕೈಯನ್ನು ನೋಡಿಕೊಂಡ.

"ನಾನು ನಿಂಗೆ ಸೂಪು ಕುಡಿಸ್ದೆ," ಎಂದಳು ಥೋರಾ. ಅವಳ ದನಿ ಮೊದಲ ಸಲ ಒಡೆಯಿತು. "ಶನಿವಾರ. ಚಮಚೇಲಿ ಕುಡಿಸ್ದೆ. ನಿನ್ನ ಕೈ ಒಡೆದಿದ್ದು ನಾನೇ ಅಂತ ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ನಾನು. ನೀನು ನುಂಗಿದೆ."

ವೆಂಡೆಲ್ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸಿಕೊಂಡು, "ಸರಿ, ಎಲ್ಲರ ಕಡೆಯಿಂದ್ಲೂ ತಪ್ಪಾಗಿದೆ. ಆ ನೋಟಿಸು ತೆಗೆದ್ಬಿಡ್ತೀನಿ. ಕೇಕ್ ತಿನ್ನೋಣ, ಇದನ್ನ ಇಲ್ಲಿಗೇ ಮರೆಯೋಣ," ಎಂದ.

"ಎಲ್ಲರ ಕಡೆಯಿಂದ ಅಲ್ಲ," ಎಂದಳು ಥೋರಾ. "ನನ್ನ ಕಡೆಯಿಂದ ಆಗಿಲ್ಲ. ನಿನ್ನ ನೋಟಿಸು ಎಂಟು ದಿನ ಬಾಗಿಲಲ್ಲಿ ನೇತಾಡಿದೆ, ಬಂದೋರು ಹೋದೋರೆಲ್ಲ ಓದಿದಾರೆ. ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಏನಾಯ್ತು ಅಂತ ನಿನ್ನ ಕೈಯಾರೆ ಬರೆದು ಅಂಟಿಸು. ಅದೂ ಎಂಟು ದಿನ ನೇತಾಡ್ಲಿ. ಆಮೇಲೆ ಮರೀತೀನೋ ಇಲ್ವೋ ನೋಡೋಣ."

ಹಾರ್ಲನ್ ತನ್ನ ಪೆನ್ನನ್ನು ತೆಗೆದು ವೆಂಡೆಲನ ಮುಂದಿಟ್ಟ. ಎಲ್ಲರೂ ನೋಡುತ್ತಿದ್ದರು. ವೆಂಡೆಲ್ ಕೂತು ಬರೆದ. ಎರಡು ಸಲ ಹಾರ್ಲನ್ ಬೆರಳಿಟ್ಟು, "ಇಲ್ಲಿ ನಿನ್ನ ಹೆಸರು ಬಿಟ್ಟಿದೀಯ," ಎಂದು ತಿದ್ದಿಸಿದ. ಮತಕ್ಕೆ ಹಾಕುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಥೋರಾ ಉಳಿದ ತೋಟೆಗಳನ್ನೂ ಅಲ್ಲೇ ಬಿಚ್ಚಿ, ಮದ್ದನ್ನು ನೀರಿಗೆ ಸುರಿದು, ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಬಾಗಿಲಲ್ಲಿ ಒರಿನ್ ನಿಂತಿದ್ದ. ಅವಳು ಅವನನ್ನು ದಾಟಿಕೊಂಡು ಕಾರು ಹತ್ತಿದಳು.

ಅಕ್ಟೋಬರ್ ಇಡೀ ಅವಳು ಅವನ ಫೋನು ಎತ್ತಲಿಲ್ಲ. ಶುಕ್ರವಾರದ ಮೀನಿಗೆ ಹೋದಾಗ ಅವಳ ಮೇಜಿಗೆ ಜನ ಬಂದರು, ಬೇಕೆಂದೇ ಜೋರಾಗಿ ನಕ್ಕರು, ತಮ್ಮ ಪಾಲಿನ ಪ್ಯಾನ್‌ಕೇಕು ಅವಳ ತಟ್ಟೆಗೆ ಸರಿಸಿದರು. ಅವಳು ತಿಂದಳು. ಆದರೆ ಯಾರು ಅವತ್ತು ಕೌಂಟರಿನ ಕಡೆ ತಿರುಗಿದ್ದರು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು, ನೆನಪಿದೆ ಎಂಬುದು ಅವರಿಗೂ ಗೊತ್ತಿತ್ತು.

ನವೆಂಬರಿನ ಎರಡನೇ ಭಾನುವಾರ ಮಧ್ಯಾಹ್ನ ಚಳಿಗಾಲದ ತರಗತಿ ಶುರುವಾಯಿತು. ಹೋದ ವರ್ಷ ಒಂಬತ್ತು ಜನ, ಈ ಸಲ ಹದಿನಾಲ್ಕು. ಹದಿನಾಲ್ಕನೆಯವನು ಕೊನೆಯ ಕುರ್ಚಿಯಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ಬಲಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಥೋರಾ ಹಾಜರಿ ಕರೆದಳು. ಹದಿಮೂರು ಜನರನ್ನು ಕರೆದ ದನಿಯಲ್ಲೇ ಅವನನ್ನೂ ಕರೆದಳು.

"ಟ್ವೀಟನ್, ಒರಿನ್."

"ಇದೀನಿ."

"ಮುಂದೆ ಬಾ."

ಅವನು ಬಂದ. ಅವಳು ಚೀಲದಿಂದ ನೀಲಿ ಡಬ್ಬಿಯನ್ನು ತೆಗೆದು ಅವನ ಮುಂದಿಟ್ಟಳು. ಅದರ ಮೇಲೆ ಚೀಟಿ ಹಾಗೇ ಇತ್ತು.

"ಓದು. ಎಲ್ರಿಗೂ ಕೇಳೋ ಹಾಗೆ."

"ಒಂಬತ್ತು ಮಿಲಿಮೀಟರ್," ಎಂದು ಓದಿದ ಒರಿನ್. "ಮಾರ್ಚ್ ಹದಿನಾಲ್ಕು. ಒರಿನ್‌ಗೆ. ಥೋರಾ."

"ಒಳಗೇನಿದೆ?"

"ಏನೂ ಇಲ್ಲ."

"ಹಾಗಾದ್ರೆ ಈ ಚೀಟಿ ಸುಳ್ಳು ಹೇಳ್ತಿದೆ. ಹರಿ."

ಅವನು ಮೂಲೆ ಹಿಡಿದು ಎಳೆದ. ಅರ್ಧ ಬಂತು, ಅರ್ಧ ಅಂಟಿಕೊಂಡಿತು. ಮಡಚದ ಬೆರಳುಗಳಿಂದ ಅವನು ಉಳಿದದ್ದನ್ನು ಕೆರೆಯತೊಡಗಿದ. ಒಬ್ಬ ನೆರವಾಗಲು ಕೈ ಚಾಚಿದ, ಥೋರಾ ಬೇಡವೆಂದು ತಲೆಯಾಡಿಸಿದಳು. 'ಥೋರಾ' ಎಂಬ ಅಕ್ಷರಗಳು ಎಲ್ಲಕ್ಕಿಂತ ಕೊನೆಗೆ ಹೋದವು, ಅಂಟು ಹೋಗಲು ಇನ್ನೂ ಹೊತ್ತು ಹಿಡಿಯಿತು. ಡಬ್ಬಿಯ ಮೇಲೆ ಏನೂ ಉಳಿಯದಾದ ಮೇಲೆ ಅವನು ತಲೆ ಎತ್ತಿದ. ಅವನ ಕಣ್ಣು ಒದ್ದೆಯಾಗಿತ್ತು. ಈ ಸಲ ಅವಳು ಅದನ್ನು ನೋವು ಎಂದುಕೊಳ್ಳಲಿಲ್ಲ, ಮಾತ್ರೆಯನ್ನೂ ಕೊಡಲಿಲ್ಲ.

ಹೊಸದೊಂದು ಚೀಟಿಯನ್ನೂ ಪೆನ್ನನ್ನೂ ಅವನ ಮುಂದೆ ಸರಿಸಿದಳು.

"ಇವತ್ತು ನೀನು ಹತ್ತು ತುಂಬ್ತೀಯ, ಹತ್ತನ್ನೂ ಒತ್ತಿ ನೋಡ್ತೀಯ," ಎಂದಳು. "ಈಗ ನಿನ್ನ ಹೆಸರು ಬರಿ."

ಅವನು ಎಡಗೈಯಿಂದ ಸೊಟ್ಟಸೊಟ್ಟಗೆ ಬರೆದು, ಚೀಟಿಯನ್ನು ಡಬ್ಬಿಗೆ ಅಂಟಿಸಿದ.